ಕಿಮ್ಚಿಗೆ ಹೆಸರಿದೆ, ನಮ್ಮ ರಂಜಕಕ್ಕೆ?

(ವಿಜಯಪುರದ ಯುವಕ ಯುವತಿಯರ ಮುಂದೆ ಆಡಿದ ಮಾತು)



ಓದಲು, ದುಡಿಯಲು ಬೆಂಗಳೂರಿಗೆ ಹೋದ ತಿಕೋಟಾ, ಬಬಲೇಶ್ವರದ ಮಕ್ಕಳು ಊರಿಗೆ ಬಂದಾಗ ಒಂದು ಹೊಸ ಸುದ್ದಿ ತರುತ್ತಾರೆ. ಕೊರಿಯಾದ ಹೋಟೆಲಿನ ಸುದ್ದಿ! ಎರಡು ಕಡ್ಡಿ ಹಿಡಿದು ತಿನ್ನುವುದು, ಮೇಜಿನ ಮೇಲೆಯೇ ಮಾಂಸ ಸುಡುವುದು, ಕಿಮ್ಚಿ, ಬಿಬಿಂಬಾಪ್. ಕೊರಿಯಾದ ಧಾರಾವಾಹಿ, ಬಿ.ಟಿ.ಎಸ್. ಹಾಡು ಹಚ್ಚಿದ ರುಚಿ ಇದು. ತಿನ್ನಬೇಡಿ ಎನ್ನಲು ನಾನು ಇಲ್ಲಿ ನಿಂತಿಲ್ಲ. ಹೊಟ್ಟೆತುಂಬ ತಿನ್ನಿ. ಆದರೆ ಕಣ್ಣು ತೆರೆದು ತಿನ್ನಿ.

ಆ ಮೇಜನ್ನು ನೋಡಿ. ಅನ್ನದ ಸುತ್ತ ಸಣ್ಣ ಬಟ್ಟಲುಗಳಲ್ಲಿ ಪಲ್ಯ, ಉಪ್ಪಿನಕಾಯಿಯಂಥವು. ಅದು ಬಾಂಚಾನ್. ಮುಗಿದರೆ ಮತ್ತೆ ಹಾಕುವುದು, ಅದಕ್ಕೆ ಬೇರೆ ದುಡ್ಡು ಕೇಳದಿರುವುದು ಅವರ ನಾಡಿನ ಪದ್ಧತಿ. ನಮ್ಮ ಖಾನಾವಳಿಯಲ್ಲಿ ನಡೆಯುವುದೂ ಇದೇ ಅಲ್ಲವೇ? ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. "ಇನ್ನೊಂದೀಟು ಪಲ್ಯ ಹಾಕ್ಲೇನೋ ತಮ್ಮಾ?" ಎಂದು ಕೇಳುವ ಅಕ್ಕ. ಮೆಣಸಿನಕಾಯಿ, ಅಕ್ಕಿ, ಸೋಯಾ ಸೇರಿಸಿ ತಿಂಗಳುಗಟ್ಟಲೆ ಹುದುಗಿಸಿಟ್ಟರೆ ಅವರ ಗೊಚುಜಾಂಗ್. ಕೆಂಪು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಅರೆದರೆ ನಮ್ಮ ರಂಜಕ. ಮೆಣಸಿನಕಾಯಿ ಮೂಲದಲ್ಲಿ ಅವರದೂ ಅಲ್ಲ, ನಮ್ಮದೂ ಅಲ್ಲ. ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದದ್ದು. ಇಬ್ಬರೂ ಸ್ವಂತ ಮಾಡಿಕೊಂಡೆವು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಹೆಸರಿನಲ್ಲಿ! ಯಾವ ದೇಶಕ್ಕೆ ಒಯ್ದರೂ ಅವರು ಕಿಮ್ಚಿಯನ್ನು ಕಿಮ್ಚಿ ಎಂದೇ ಕರೆದರು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 2021ರಲ್ಲಿ ಒಂದೇ ಸಲಕ್ಕೆ ಕೊರಿಯಾ ಮೂಲದ 26 ಪದಗಳನ್ನು ಸೇರಿಸಿಕೊಂಡಿತು. ಬಾಂಚಾನ್ ಅದರಲ್ಲೊಂದು. ಇದು ಸುಮ್ಮನೆ ಬಂದದ್ದಲ್ಲ. 1910ರಿಂದ 1945ರವರೆಗೆ ಆ ನಾಡು ಜಪಾನಿನ ಕಾಲಡಿ ಇತ್ತು. ಕೊನೆಯ ವರ್ಷಗಳಲ್ಲಿ ಶಾಲೆಗಳಿಂದ ಅವರ ನುಡಿಯನ್ನೇ ಹೊರದಬ್ಬಲಾಯಿತು. ಆದರೂ ರಾಜ ಸೇಜೋಂಗ್ 1446ರಲ್ಲಿ ಜನರಿಗೆ ಕೊಟ್ಟ ಲಿಪಿಯನ್ನು ಅವರು ಬಿಡಲಿಲ್ಲ. ಇಂದು ದಕ್ಷಿಣ ಕೊರಿಯಾದಲ್ಲಿ ಅಕ್ಟೋಬರ್ 9 ಆ ಲಿಪಿಯ ಹಬ್ಬ, ಸರ್ಕಾರಿ ರಜೆ!

ನಾವು? ಬೆಂಗಳೂರು ಮುಟ್ಟಿದೊಡನೆ ನಮ್ಮ ಖಾನಾವಳಿ ಊಟ 'ನಾರ್ತ್ ಕರ್ನಾಟಕ ಥಾಲಿ' ಆಗುತ್ತದೆ. ರೊಟ್ಟಿ 'ರೋಟಿ' ಆಗುತ್ತದೆ. ಸಾಂಗ್ಲಿ, ತಾಸಗಾಂವ ಪೇಟೆ ಸೇರಿದ ಒಣದ್ರಾಕ್ಷಿಯ ಮೇಲೆ ತಿಕೋಟಾದ ಹೆಸರು ಎಲ್ಲಿ? 1956ರವರೆಗೆ ಮುಂಬೈ ರಾಜ್ಯದಲ್ಲಿದ್ದೂ ಕನ್ನಡ ಉಳಿಸಿಕೊಂಡ ಜಿಲ್ಲೆ ನಮ್ಮದು. 2014ರಲ್ಲಿ ಬಿಜಾಪುರ ಹೋಗಿ ವಿಜಯಪುರ ಎಂದಾಯಿತು. ಊರಿನ ಹೆಸರು ಬೇಕೆಂದವರು ಊಟದ ಹೆಸರನ್ನು ಬಿಟ್ಟುಕೊಡುವುದೇ?

ಗೆಳೆಯರೇ, ಎರಡು ಕೆಲಸ ಮಾಡಿ. ಮುಂದಿನ ಸಲ ಕೊರಿಯಾದ ಹೋಟೆಲಿಗೆ ಹೋದಾಗ ಮೊದಲು ಬೋರ್ಡು ನೋಡಿ. ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕೆಂದು 2024ರ ತಿದ್ದುಪಡಿ ಕಾನೂನು ಹೇಳುತ್ತದೆ. ಆಮೇಲೆ ತಿಂಡಿಪಟ್ಟಿ ನೋಡಿ. ಇಂಗ್ಲಿಷಿಗೆ, ಕೊರಿಯಾದ ಲಿಪಿಗೆ ಜಾಗವಿದ್ದರೆ ಕನ್ನಡಕ್ಕೇಕಿಲ್ಲ? 'ಕಿಮ್ಚಿ' ಎಂದು ಬರೆಯಲು ನಮ್ಮಲ್ಲಿ ಅಕ್ಷರಕ್ಕೆ ಬರವೇ? ಬಡಿಸುವ ಹುಡುಗನ ಮೇಲೆ ರೇಗಬೇಡಿ, ಅವನೂ ಹೊಟ್ಟೆಪಾಡಿಗೆ ಬಂದವನು. ಮಾಲೀಕರನ್ನು ಕನ್ನಡದಲ್ಲೇ ಕೇಳಿ. ಬಿಲ್ಲು ಕೊಡುವವರು ನೀವು, ಕೇಳುವ ಹಕ್ಕು ನಿಮ್ಮದು.

ಎರಡನೆಯದು, ಪರಭಾಷೆಯ ಗೆಳೆಯರನ್ನು ಖಾನಾವಳಿಗೆ ಕರೆದೊಯ್ಯಿರಿ. ಎಣ್ಣೆಗಾಯಿಯನ್ನು ಎಣ್ಣೆಗಾಯಿ ಎಂದೇ ಹೇಳಿಕೊಡಿ. 'ತೊಕ್‌ಪೊಕ್ಕಿ' ಎನ್ನಲು ತಿರುಗುವ ನಾಲಿಗೆ 'ಪುಂಡಿಪಲ್ಯ' ಎನ್ನಲೂ ತಿರುಗುತ್ತದೆ!

ಕೊರಿಯಾದವರಿಂದ ಕಡ್ಡಿ ಹಿಡಿಯುವುದನ್ನಷ್ಟೇ ಕಲಿತರೆ ಸಾಲದು. ನಮ್ಮ ಹೆಸರು ಹಿಡಿದು ನಿಲ್ಲುವುದನ್ನೂ ಕಲಿಯೋಣ.

ಜೈ ಕರ್ನಾಟಕ!