ಸವೆದ ಕಾಸಿನ ಓದು

ಅಮೃತಾಪುರದ ಅಮೃತೇಶ್ವರ ದೇವಾಲಯ 1196ರಲ್ಲಿ, ವೀರಬಲ್ಲಾಳನ ಕಾಲದಲ್ಲಿ ಕಟ್ಟಿದ್ದು. ಅಲ್ಲಿಯ ಶಾಸನ ಜನ್ನ ಕವಿಯ ರಚನೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಸವೆದ ಶಾಸನದ ಅಕ್ಷರವನ್ನು ಓದುವವರು ಕಲ್ಲನ್ನು ಉಜ್ಜುವುದಿಲ್ಲ. ಓರೆಯಾಗಿ ಬೀಳುವ ಬೆಳಕಿನಲ್ಲಿ ನೋಡುತ್ತಾರೆ. ಹಳೆಯ ನಾಣ್ಯಕ್ಕೂ ಇದೇ ನ್ಯಾಯ.

ಭಾರತದಲ್ಲಿ ದೊರೆಯುವ ವಿದೇಶೀ ನಾಣ್ಯಗಳಲ್ಲಿ ರೋಮಿನವು ಪ್ರಸಿದ್ಧ. ಅವುಗಳಲ್ಲಿ ಚಿನ್ನ, ಬೆಳ್ಳಿಯವುಗಳಿಗೆ ಆದರ ಹೆಚ್ಚು. ನಾಲ್ಕು, ಐದನೆಯ ಶತಮಾನಗಳ ಕಿರಿಯ ಕಂಚಿನ ಕಾಸುಗಳನ್ನು ಮಾತ್ರ ಯಾರೂ ಲೆಕ್ಕಿಸುವುದಿಲ್ಲ. ತಮಿಳುನಾಡಿನ ಮಧುರೆ, ಕರೂರು ಕಡೆಗಳಲ್ಲಿಯೂ ಸಿಂಹಳದಲ್ಲಿಯೂ ಇವು ಹೇರಳ. ಗಾತ್ರ ಸುಮಾರು ಕಿರುಬೆರಳ ಉಗುರಿನಷ್ಟು. ಇವನ್ನು ಗುರುತಿಸುವುದು ಹೇಗೆ?

ಮೊದಲು ಮುಖ. ಬಲಕ್ಕೆ ತಿರುಗಿದ ಅರಸನ ತಲೆ. ಸುತ್ತ ಪಟ್ಟ ಅಥವಾ ಪತ್ರಮಾಲೆ. ಅಂಚಿನಲ್ಲಿ ‘ಡಿ ಎನ್’ ಎಂಬೆರಡು ಅಕ್ಷರಗಳು ಕಂಡರೆ ಅದು ‘ಡೊಮಿನುಸ್ ನೋಸ್ಟರ್’, ಎಂದರೆ ‘ನಮ್ಮ ಒಡೆಯ’. ಅನಂತರ ಹಿಂಬದಿ. ಹೆಸರು ಸವೆದಿದ್ದರೂ ಚಿತ್ರ ಉಳಿದಿರಬಹುದು. ಇಬ್ಬರು ಸೈನಿಕರ ನಡುವೆ ಎರಡು ಧ್ವಜಗಳಿದ್ದರೆ 330ರಿಂದ 335ರ ನಡುವಿನದು. 335ರ ನಂತರದವುಗಳಲ್ಲಿ ಒಂದೇ ಧ್ವಜ, ಗಾತ್ರವೂ ಕಿರಿದು. ವಿಜಯದೇವತೆ ಸೆರೆಯಾಳೊಬ್ಬನನ್ನು ಎಳೆದೊಯ್ಯುತ್ತಿದ್ದರೆ ಅದು 388ರ ಈಚಿನ ಬಗೆ. ಚಿತ್ರದ ಕೆಳಗಿನ ಗೆರೆಯಡಿ ಟಂಕಸಾಲೆಯ ಗುರುತುಂಟು: ‘ಎ ಎನ್ ಟಿ’ ಎಂದರೆ ಆಂಟಿಯೋಕ್, ‘ಎ ಎಲ್ ಇ’ ಎಂದರೆ ಅಲೆಕ್ಸಾಂಡ್ರಿಯ. ಹೀಗೆ ಹೆಸರಿಲ್ಲದ ಕಾಸೂ ತನ್ನ ಕಾಲವನ್ನೂ ಊರನ್ನೂ ಹೇಳುತ್ತದೆ. ಆನೆಯ ಚಿತ್ರವಿದ್ದರೆ ರೋಮಿನತ್ತ ಓಡಬೇಕಾಗಿಲ್ಲ. ಟಿಪ್ಪುವಿನ ತಾಮ್ರದ ಕಾಸುಗಳಲ್ಲಿ ಆನೆಯುಂಟು.

ಇಷ್ಟು ಶ್ರಮವೇಕೆ ಎಂದು ಕೇಳಬಹುದು. ನಮ್ಮ ಅಜ್ಜಂಪುರಕ್ಕೆ ಈಶಾನ್ಯದಲ್ಲಿರುವ ಚಿತ್ರದುರ್ಗದ ಚಂದ್ರವಳ್ಳಿಯೇ ಉತ್ತರ. ಅಲ್ಲಿಯ ಉತ್ಖನನಗಳಲ್ಲಿ ಅಗಸ್ಟಸ್, ತೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತವು. 1947ರಲ್ಲಿ ಸರ್ ಮಾರ್ಟಿಮರ್ ವೀಲರ್ ಆ ಸ್ಥಳವನ್ನು ಅಗೆಸಿದಾಗ, ಶಾತವಾಹನರ ಕಾಲದ ಮಣ್ಣಿನ ಪದರಗಳ ವಯಸ್ಸನ್ನು ಅಳೆಯಲು ರೋಮನ್ ನಾಣ್ಯ ನೆರವಾಯಿತು. ಆ ನಾಣ್ಯದ ಬೆಲೆ ಅದರ ಬೆಳ್ಳಿಯಲ್ಲಿರಲಿಲ್ಲ, ಅದು ಬಿದ್ದಿದ್ದ ಜಾಗದಲ್ಲಿತ್ತು. ಪದರದಿಂದ ಎತ್ತಿ, ಊರಿನ ಹೆಸರೂ ತಿಳಿಯದಂತೆ ಮಾರಿದ ನಾಣ್ಯ ಸಾಕ್ಷಿ ಹೇಳಲಾರದು.

ಆದ್ದರಿಂದ ಹೊಲದಲ್ಲೋ ಕೆರೆಯ ಹೂಳಿನಲ್ಲೋ ಹಸಿರು ಹಿಡಿದ ಕಾಸೊಂದು ಸಿಕ್ಕರೆ ಹುಣಿಸೆಹಣ್ಣು ಹಾಕಿ ತಿಕ್ಕಬೇಡಿ. ಆ ಹುಳಿ ಕಿಲುಬಿನ ಜೊತೆಗೆ ಅಕ್ಷರವನ್ನೂ ತಿನ್ನುತ್ತದೆ. ಒಣ ಕಾಗದದಲ್ಲಿ ಸುತ್ತಿ, ಸಿಕ್ಕ ಸ್ಥಳ, ಆಳ, ದಿನ ಬರೆದಿಡಿ. ಜೊತೆಯಲ್ಲಿ ಮಡಕೆಯ ಚೂರಿದ್ದರೆ ಅದನ್ನೂ ಬಿಡಬೇಡಿ. ಕೂಡಲೆ ತಾಲ್ಲೂಕು ಕಚೇರಿಗೆ ತಿಳಿಸಿ; ನೆಲದಡಿಯ ನಿಧಿಯನ್ನು ಸರ್ಕಾರಕ್ಕೆ ವರದಿ ಮಾಡುವುದು ಕಾನೂನಿನ ಕಟ್ಟಳೆ. ಶಾಲೆಯ ಮಕ್ಕಳಿಗೆ ಇಷ್ಟನ್ನು ಹೇಳಿಕೊಟ್ಟರೆ ಸಾಕು, ನಮ್ಮ ನೆಲದ ಚರಿತ್ರೆಗೆ ಕಾವಲುಗಾರರು ಊರೂರಿನಲ್ಲಿಯೂ ಸಿಕ್ಕುತ್ತಾರೆ.