ನಿದ್ದೆಯಲ್ಲಿ ನಡೆದದ್ದನ್ನು ವೈದ್ಯರಿಗೆ ಹೇಳುವುದು ಯಾವಾಗ

ನಿದ್ದೆಯಲ್ಲಿ ಕಾಣಿಸಿಕೊಳ್ಳುವ ವಿಚಿತ್ರ ಲಕ್ಷಣಗಳ ವಿಷಯದಲ್ಲಿ ಮನುಷ್ಯರಿಗಾಗುವ ಹೆದರಿಕೆಗೂ ಅವುಗಳ ಹಿಂದೆ ಇರಬಹುದಾದ ಅಪಾಯಕ್ಕೂ ಅನೇಕ ಸಲ ತಾಳೆಯೇ ಇರುವುದಿಲ್ಲ. ಎಚ್ಚರವಾಗಿದ್ದೂ ಕೈಕಾಲು ಅಲುಗಿಸಲಾಗದೆ, ಎದೆಯ ಮೇಲೆ ಯಾರೋ ಕುಳಿತಂತಾಗಿ, ಕೂಗಲು ದನಿಯೇ ಹೊರಡದೆ ಬೆವತುಹೋಗುವ ತರುಣನ ಅನುಭವ ಭೀಕರವಾದದ್ದು, ಆದರೆ ಬಹುಪಾಲು ನಿರಪಾಯಕಾರಿ. ಅರವತ್ತು ದಾಟಿದ ಹಿರಿಯರೊಬ್ಬರು ನಿದ್ದೆಯಲ್ಲಿ ಯಾರನ್ನೋ ಬಯ್ಯುತ್ತಾರೆ, ಗೋಡೆಗೆ ಗುದ್ದುತ್ತಾರೆ ಎಂಬುದು ಮನೆಮಂದಿಗೆ ನಗೆಯ ಮಾತು. ನರರೋಗ ತಜ್ಞರು ಹೆಚ್ಚು ಕಿವಿಗೊಟ್ಟು ಕೇಳುವುದು ಮಾತ್ರ ಈ ಎರಡನೆಯದನ್ನು. ವೈದ್ಯರ ಬಳಿ ಹೋಗಬೇಕೆ ಬೇಡವೇ ಎಂಬ ತೀರ್ಮಾನ ಎಷ್ಟೋ ಮನೆಗಳಲ್ಲಿ ತಲೆಕೆಳಗಾಗುವುದು ಹೀಗೆ.

ಈ ಎರಡೂ ಅನುಭವಗಳ ಬೇರು ಒಂದೇ ಕಡೆ ಇದೆ. 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಅವರು, ಮಲಗಿದವರ ಕಣ್ಣುಗುಡ್ಡೆಗಳು ಮುಚ್ಚಿದ ರೆಪ್ಪೆಗಳ ಒಳಗೆ ಆಗಾಗ ವೇಗವಾಗಿ ಹೊರಳಾಡುವುದನ್ನೂ, ಆ ಹೊತ್ತಿನಲ್ಲಿ ಎಬ್ಬಿಸಿದರೆ ಹೆಚ್ಚಿನವರು ಕನಸೊಂದನ್ನು ವಿವರಿಸುವುದನ್ನೂ ದಾಖಲಿಸಿದರು. ರೆಮ್ ನಿದ್ರೆ ಎಂದು ಹೆಸರಾದ ಈ ಹಂತ ಸುಮಾರು 90 ನಿಮಿಷಗಳಿಗೊಮ್ಮೆ ಮರಳುತ್ತದೆ ಮತ್ತು ಬೆಳಗಿನ ಜಾವ ಸಮೀಪಿಸಿದಂತೆ ದೀರ್ಘವಾಗುತ್ತದೆ. ಆಗ ಮೆದುಳು ಎಚ್ಚರದ ವೇಳೆಯಷ್ಟೇ ಚುರುಕಾಗಿರುತ್ತದೆಯಾದರೂ, ಮೆದುಳಿನ ಬುಡದಲ್ಲಿರುವ ಮೆದುಳುಕಾಂಡವು ಉಸಿರಾಟದ ಮತ್ತು ಕಣ್ಣಿನ ಸ್ನಾಯುಗಳನ್ನು ಬಿಟ್ಟು ಉಳಿದ ಸ್ನಾಯುಗಳನ್ನು ಸಡಿಲಗೊಳಿಸಿ ಇಡುವುದರಿಂದ, ಕನಸಿನಲ್ಲಿ ಓಡುವವನು ಹಾಸಿಗೆಯಲ್ಲಿ ಓಡುವುದಿಲ್ಲ.

ಮನಸ್ಸು ಎಚ್ಚೆತ್ತ ಮೇಲೂ ಈ ಸಡಿಲಿಕೆ ಕೆಲವು ಕ್ಷಣ ಉಳಿದುಬಿಟ್ಟರೆ ಅದನ್ನು ನಿದ್ರಾಸ್ತಂಭನ, ಅಂದರೆ ಸ್ಲೀಪ್ ಪ್ಯಾರಾಲಿಸಿಸ್ ಎನ್ನುತ್ತಾರೆ. ಕನಸಿನ ತುಣುಕುಗಳೂ ಜೊತೆಗೆ ಉಳಿಯುವುದರಿಂದ ಕೋಣೆಯಲ್ಲಿ ಮತ್ತೊಬ್ಬರು ನಿಂತಂತೆ ತೋರುತ್ತದೆ. ನಿದ್ದೆಗೆಟ್ಟವರಲ್ಲಿ, ರಾತ್ರಿ ಪಾಳಿ ಪದೇ ಪದೇ ಬದಲಾಗುವ ಕಾರ್ಖಾನೆ, ಆಸ್ಪತ್ರೆ ಮತ್ತು ಐಟಿ ಕಂಪನಿಗಳ ನೌಕರರಲ್ಲಿ, ಅಂಗಾತ ಮಲಗುವವರಲ್ಲಿ ಇದು ಹೆಚ್ಚು. ನಿದ್ದೆಯ ವೇಳೆಯನ್ನು ಸರಿಪಡಿಸಿಕೊಂಡರೆ ಸಾಮಾನ್ಯವಾಗಿ ತಾನಾಗಿ ವಿರಳವಾಗುತ್ತದೆ. ದೆವ್ವದ ಕಾಟವೆಂದು ಯಂತ್ರ ಕಟ್ಟಿಸುವ ಅಗತ್ಯವೂ ಇಲ್ಲ, ತಲೆಯ ಸ್ಕ್ಯಾನಿಗೆ ಧಾವಿಸುವ ಅಗತ್ಯವೂ ಇಲ್ಲ. ಆದರೆ ಇದರೊಂದಿಗೆ ಹಗಲಿನಲ್ಲಿ ತಡೆಯಲಾಗದ ನಿದ್ದೆ ಬರುತ್ತಿದ್ದರೆ, ಜೋರಾಗಿ ನಕ್ಕಾಗ ಮೊಣಕಾಲು ಕುಸಿದಂತಾಗುತ್ತಿದ್ದರೆ ತಡಮಾಡಬಾರದು. ಅದು ನಾರ್ಕೊಲೆಪ್ಸಿ ಆಗಿರಬಹುದು. ಫ್ರಾನ್ಸಿನ ಜೆಲಿನೊ ಎಂಬ ವೈದ್ಯರು 1880ರಲ್ಲಿ ಹೆಸರಿಟ್ಟ ಈ ಕಾಯಿಲೆಯ ಮುಖ್ಯ ಬಗೆಯಲ್ಲಿ, ಎಚ್ಚರವನ್ನು ಹಿಡಿದಿಡುವ ಒರೆಕ್ಸಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಮೆದುಳಿನ ಕೋಶಗಳೇ ನಾಶವಾಗಿರುತ್ತವೆ. ತರಗತಿಯಲ್ಲಿ ತೂಕಡಿಸುವ ಹುಡುಗಿಯನ್ನು ಸೋಮಾರಿ ಎಂದು ಬಯ್ಯುತ್ತ ವರ್ಷಗಟ್ಟಲೆ ಕಳೆದ ಮೇಲೆ ಕಾರಣ ತಿಳಿಯುವುದು ಈ ಕಾಯಿಲೆಯ ದೊಡ್ಡ ಅನ್ಯಾಯ.

ಇದಕ್ಕೆ ತದ್ವಿರುದ್ಧವಾದದ್ದು ಸಡಿಲಿಕೆಯೇ ಕಾಣೆಯಾಗುವ ಸ್ಥಿತಿ. ಕಟ್ಟು ಕಳಚಿದ ಸ್ನಾಯುಗಳು ಕನಸನ್ನು ಅಭಿನಯಿಸತೊಡಗುತ್ತವೆ: ಅಟ್ಟಿಸಿಕೊಂಡು ಬರುವ ನಾಯಿಯನ್ನು ಒದೆಯುವ ಕಾಲು ಪಕ್ಕದಲ್ಲಿ ಮಲಗಿದ ಹೆಂಡತಿಗೆ ತಾಗುತ್ತದೆ, ಕಳ್ಳನನ್ನು ಹಿಡಿಯಲು ಹಾರಿದವರು ಮಂಚದಿಂದ ಬೀಳುತ್ತಾರೆ. ಇಂಥ ಸ್ಥಿತಿಯನ್ನು ಬೆಕ್ಕುಗಳಲ್ಲಿ ಮೊದಲು ತೋರಿಸಿಕೊಟ್ಟವರು ಫ್ರಾನ್ಸಿನ ಲಿಯಾನ್ ನಗರದ ಮಿಶೆಲ್ ಜೂವೆ. ಮನುಷ್ಯರಲ್ಲಿ ಒಂದು ಪ್ರತ್ಯೇಕ ಕಾಯಿಲೆಯೆಂದು 1986ರಲ್ಲಿ ವಿವರಿಸಿದವರು ಅಮೆರಿಕದ ಮಿನಿಯಾಪೊಲಿಸ್‌ನ ಕಾರ್ಲೋಸ್ ಶೆಂಕ್, ಮಾರ್ಕ್ ಮಹೊವಾಲ್ಡ್ ಮತ್ತು ಅವರ ಸಹೋದ್ಯೋಗಿಗಳು. ರೆಮ್ ನಿದ್ರಾ ವರ್ತನೆಯ ದೋಷ ಎಂದು ಕರೆಯಬಹುದಾದ ಇದು ಹೆಚ್ಚಾಗಿ ರಾತ್ರಿಯ ಎರಡನೆಯ ಭಾಗದಲ್ಲಿ ಕಾಣಿಸುತ್ತದೆ. ಕಣ್ಣು ಮುಚ್ಚಿಯೇ ಇರುತ್ತದೆ. ಎಬ್ಬಿಸಿದರೆ ವ್ಯಕ್ತಿ ಬೇಗ ತಿಳಿಯಾಗಿ ಎಚ್ಚೆತ್ತು ತಾನು ಕಂಡ ಕನಸನ್ನು ಹೇಳುತ್ತಾನೆ. ಮಲಗಿದ ಒಂದೆರಡು ಗಂಟೆಯೊಳಗೆ ಚೀರುತ್ತ ಎದ್ದು ಕೂರುವ ಅಥವಾ ಕಣ್ಣು ತೆರೆದೇ ಮನೆಯೊಳಗೆ ನಡೆದಾಡುವ ಮಗುವಿನ ಸಂಗತಿ ಬೇರೆ. ಅದು ಗಾಢನಿದ್ರೆಯಿಂದ ಅರ್ಧಂಬರ್ಧ ಎಚ್ಚರವಾಗುವ ತೊಂದರೆ. ಮಗುವಿಗೆ ಬೆಳಗ್ಗೆ ಅದರ ನೆನಪು ಸಾಮಾನ್ಯವಾಗಿ ಇರುವುದಿಲ್ಲ, ಬೆಳೆಯುತ್ತ ಬೆಳೆಯುತ್ತ ಬಹುತೇಕ ಮಕ್ಕಳಲ್ಲಿ ಅದು ನಿಲ್ಲುತ್ತದೆ.

ಹಿರಿಯರ ಕನಸಿನ ಒದೆತವನ್ನು ಹಗುರವಾಗಿ ಕಾಣಬಾರದು ಎನ್ನಲು ಬಲವಾದ ಕಾರಣವಿದೆ. 24 ಕೇಂದ್ರಗಳ 1280 ರೋಗಿಗಳನ್ನು ಅನುಸರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇರೆ ಕಾರಣ ಕಾಣದ ಇಂಥ ತೊಂದರೆಯಿದ್ದವರ ಪೈಕಿ ವರ್ಷಕ್ಕೆ ಶೇಕಡಾ 6ರಷ್ಟು ಮಂದಿಗೆ ಪಾರ್ಕಿನ್ಸನ್ ಕಾಯಿಲೆಯೋ ಅದೇ ಗುಂಪಿಗೆ ಸೇರಿದ ಮರೆವಿನ ಕಾಯಿಲೆಯೋ ಕಾಣಿಸಿಕೊಂಡಿತು. ಈ ಕಾಯಿಲೆಗಳಲ್ಲಿ ನರಕೋಶಗಳೊಳಗೆ ಗಂಟುಗಟ್ಟುವ ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನು, ಕೈನಡುಕ ಶುರುವಾಗುವ ವರ್ಷಗಳ ಮೊದಲೇ ಮೆದುಳುಕಾಂಡದ ನಿದ್ರಾಕೇಂದ್ರಗಳನ್ನು ಕೆಡಿಸಿರುವುದು ಇದಕ್ಕೆ ಕಾರಣವೆಂದು ತಿಳಿಯಲಾಗಿದೆ. ಒಗ್ಗರಣೆಯ ವಾಸನೆ ಗೊತ್ತಾಗದಿರುವುದು, ಹಳೆಯ ಮಲಬದ್ಧತೆ ಇವೂ ಜೊತೆಗಿದ್ದರೆ ಅನುಮಾನ ಬಲವಾಗುತ್ತದೆ.

ಇಷ್ಟು ಕೇಳಿದ ಕೂಡಲೇ ಏಳುವ ಪ್ರಶ್ನೆ, ಮುಂದೆ ಬರುವ ಪಾರ್ಕಿನ್ಸನ್ ಕಾಯಿಲೆಯನ್ನು ತಡೆಯುವ ಔಷಧಿ ಈವರೆಗೆ ಇಲ್ಲದಿರುವಾಗ ಅದನ್ನು ಇಂದೇ ತಿಳಿದು ನೆಮ್ಮದಿ ಕೆಡಿಸಿಕೊಳ್ಳುವುದೇಕೆ ಎಂಬುದು. ಇದು ಗೌರವಕ್ಕೆ ಅರ್ಹವಾದ ಪ್ರಶ್ನೆ, ಮತ್ತು ಭವಿಷ್ಯದ ವಿವರವನ್ನು ಎಷ್ಟು ತಿಳಿಯಬೇಕೆಂಬುದನ್ನು ನಿರ್ಧರಿಸುವ ಹಕ್ಕು ರೋಗಿಯದೇ. ಅದನ್ನು ಕೇಳಲು ಇಷ್ಟವಿಲ್ಲವೆಂದು ವೈದ್ಯರಿಗೆ ಮೊದಲೇ ಹೇಳಬಹುದು. ಆದರೆ ಆ ಅನಿಷ್ಟ ಸುದ್ದಿಯೊಂದಕ್ಕಾಗಿ ಯಾರೂ ವೈದ್ಯರ ಬಳಿ ಹೋಗುವುದಿಲ್ಲ ಎಂಬುದನ್ನು ಮರೆಯಬಾರದು. ನಿದ್ದೆಯಲ್ಲಿ ಉಸಿರು ಕಟ್ಟಿ ಗೊರಕೆಯ ನಡುವೆ ಬೆಚ್ಚಿ ಕೈಕಾಲು ಬಡಿಯುವವರೂ ಹೀಗೆಯೇ ಕಾಣುತ್ತಾರೆ, ಅವರಿಗೆ ಉಸಿರಿನ ಚಿಕಿತ್ಸೆಯಿಂದಲೇ ಗುಣ ಕಾಣುತ್ತದೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಈ ಲಕ್ಷಣವನ್ನು ತರಬಲ್ಲವು. ಅವನ್ನು ತಾವಾಗಿ ನಿಲ್ಲಿಸದೆ ಬರೆದುಕೊಟ್ಟ ವೈದ್ಯರಿಗೇ ತಿಳಿಸಬೇಕು. ಬೇರಾವ ಕಾರಣವೂ ಸಿಗದಿದ್ದಾಗಲೂ ಮೆಲಟೋನಿನ್, ಕ್ಲೊನಾಜೆಪಾಮ್‌ನಂಥ ಔಷಧಿಗಳಿಂದ ರಾತ್ರಿಯ ಹೊಡೆದಾಟ ಎಷ್ಟೋ ತಗ್ಗುತ್ತದೆ, ಮೂಳೆ ಮುರಿಯುವುದು ತಪ್ಪುತ್ತದೆ. ಇವುಗಳಲ್ಲಿ ಎರಡನೆಯದು ಉಸಿರುಕಟ್ಟುವ ತೊಂದರೆ ಇರುವವರಿಗೆ ಕೆಡುಕುಂಟುಮಾಡಬಹುದಾದ್ದರಿಂದಲೂ, ವಯಸ್ಸಾದವರನ್ನು ಓಲಾಡಿಸಿ ಬೀಳಿಸಬಹುದಾದ್ದರಿಂದಲೂ, ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುವ ಮಾತ್ರೆ ಅದಲ್ಲ.

ವೈದ್ಯರ ಬಳಿ ಹೋಗುವವರೆಗೆ ಮನೆಯಲ್ಲಿ ಮಾಡಬೇಕಾದದ್ದೂ ಇದೆ. ಕೆಟ್ಟ ಕನಸು ಬೀಳದಿರಲೆಂದು ದಿಂಬಿನಡಿ ಚಾಕು, ಕತ್ತರಿ ಅಥವಾ ಕಬ್ಬಿಣದ ತುಂಡು ಇಡುವ ಪದ್ಧತಿ ಕರ್ನಾಟಕದ ಅನೇಕ ಮನೆಗಳಲ್ಲಿ ಉಳಿದಿದೆ. ಕನಸಿನಲ್ಲಿ ಕೈ ಬೀಸುವವರ ತಲೆಯ ಬಳಿ ಹರಿತವಾದ ವಸ್ತು ಇಡುವುದಕ್ಕಿಂತ ಅಪಾಯದ ಕೆಲಸ ಮತ್ತೊಂದಿಲ್ಲ. ಎತ್ತರದ ಮಂಚದ ಬದಲು ನೆಲದ ಹಾಸಿಗೆ, ಗೋಡೆಯಿಂದ ಮತ್ತು ಮೇಜಿನ ಅಂಚಿನಿಂದ ದೂರ, ಸಂಗಾತಿಗೆ ಸ್ವಲ್ಪ ಕಾಲ ಬೇರೆ ಹಾಸಿಗೆ: ನಾಚಿಕೆಯನ್ನು ಬದಿಗಿಟ್ಟರೆ ಇವೆಲ್ಲ ಒಂದು ರಾತ್ರಿಯಲ್ಲಿ ಆಗುವ ಏರ್ಪಾಟುಗಳು.

ಮೂರ್ಛೆರೋಗದ ವಿಷಯದಲ್ಲಿ ಮಾತ್ರ ಕಾಯುವ ಪ್ರಶ್ನೆಯೇ ಬರುವುದಿಲ್ಲ. ಕೆಲವರಿಗೆ ಸೆಳೆತ ನಿದ್ದೆಯಲ್ಲಷ್ಟೇ ಬರುತ್ತದೆ. ಕನಸಿನ ಅಭಿನಯ ಕನಸು ಬದಲಾದಂತೆ ಬದಲಾಗುತ್ತದೆ. ಮೂರ್ಛೆಯ ಚಲನೆಯಾದರೋ ಪ್ರತಿ ಸಲವೂ ಅದೇ ತೋಳು, ಅದೇ ತಿರುವು, ಅದೇ ಸದ್ದು ಎಂಬಂತೆ ಅಚ್ಚೊತ್ತಿದ ಹಾಗಿರುತ್ತದೆ, ಸಾಮಾನ್ಯವಾಗಿ ಎರಡು ನಿಮಿಷದೊಳಗೆ ಮುಗಿಯುತ್ತದೆ, ಕೆಲವರಲ್ಲಿ ಒಂದೇ ರಾತ್ರಿ ಹಲವು ಬಾರಿ ಮರಳುತ್ತದೆ. ಬೆಳಗ್ಗೆ ನಾಲಿಗೆ ಕಚ್ಚಿದ ಗಾಯ, ದಿಂಬಿನ ಮೇಲೆ ರಕ್ತ, ಒದ್ದೆಯಾದ ಹಾಸಿಗೆ, ಕಾರಣ ತಿಳಿಯದ ಮೈನೋವು ಕಂಡರೆ ಮನೆಯವರು ಅದನ್ನೇ ಸಾಕ್ಷ್ಯವೆಂದು ತಿಳಿಯಬೇಕು. ಸೆಳೆತ ಬಂದಾಗ ಕೈಗೆ ಬೀಗದ ಕೈ ಹಿಡಿಸುವುದರಿಂದ ಪ್ರಯೋಜನವಿಲ್ಲ. ಪಕ್ಕಕ್ಕೆ ಹೊರಳಿಸಿ ಮಲಗಿಸುವುದರಿಂದ ಇದೆ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಬೇಕು. ಎದ್ದಾಗ ಒಂದು ಬದಿಯ ಕೈಕಾಲಿಗೆ ಬಲವಿಲ್ಲದೆ, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಅದು ನಿದ್ದೆಯ ತೊಂದರೆಯೇ ಅಲ್ಲ, ಲಕ್ವ. ನಿದ್ರಾಸ್ತಂಭನ ಮೈಯ ಎರಡೂ ಬದಿಯನ್ನು ಹಿಡಿದು ನಿಮಿಷಗಳಲ್ಲಿ ಬಿಡುತ್ತದೆ, ಲಕ್ವ ಒಂದು ಬದಿಯನ್ನು ಹಿಡಿಯುತ್ತದೆ. ಆಗ ಆಂಬುಲೆನ್ಸಿಗಾಗಿ 108ಕ್ಕೆ ಕರೆ ಮಾಡುವುದಷ್ಟೇ ಉಳಿದ ತೀರ್ಮಾನ.

ಸಂಜೆ ಕತ್ತಲಾಗುತ್ತಿದ್ದಂತೆ ಮೀನಖಂಡದಲ್ಲಿ ಏನೋ ಹರಿದಾಡಿದಂತಾಗಿ ಎದ್ದು ಓಡಾಡಿದರೆ ಮಾತ್ರ ಶಮನವಾಗುವ ಚಡಪಡಿಕೆಯನ್ನು ಹೆಂಗಸರು ದುಡಿತದ ಕಾಲುನೋವೆಂದು ನುಂಗಿಕೊಳ್ಳುತ್ತಾರೆ. ಸ್ವೀಡನ್ನಿನ ಎಕ್‌ಬೊಮ್ 1945ರಲ್ಲಿ ವಿಸ್ತಾರವಾಗಿ ವಿವರಿಸಿದ ಈ ತೊಂದರೆಗೂ ದೇಹದ ಕಬ್ಬಿಣಾಂಶದ ಕೊರತೆಗೂ ಹತ್ತಿರದ ನಂಟಿದೆ. ಭಾರತದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆಯಿದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸುವಾಗ, ಫೆರಿಟಿನ್ ಎಂಬ ಒಂದು ರಕ್ತಪರೀಕ್ಷೆಯಿಂದ ಹಿಡಿಯಬಹುದಾದ ಕಾರಣವನ್ನು ಹಿಡಿಯದೆ ಬಿಡುವುದು ನೋವಿನ ಸಂಗತಿ.

ಈ ತೊಂದರೆಗಳ ಪೈಕಿ ಹಲವುಗಳಲ್ಲಿ ನಡೆದದ್ದನ್ನು ಕಂಡವರು ರೋಗಿಯಲ್ಲ, ಪಕ್ಕದಲ್ಲಿ ಮಲಗಿದವರು. ವೈದ್ಯರಿಗೆ ಬೇಕಾದ ವಿವರಗಳು, ಅಂದರೆ ರಾತ್ರಿಯ ಯಾವ ಜಾವ, ಎಷ್ಟು ಹೊತ್ತು, ಕಣ್ಣು ತೆರೆದಿತ್ತೇ, ಎಬ್ಬಿಸಿದಾಗ ಗುರುತು ಹಿಡಿದರೇ ಎಂಬವು ಇರುವುದು ಅವರ ಬಳಿ. ಒಂದೆರಡು ವಾರ ಇದನ್ನು ಬರೆದಿಟ್ಟು, ಸಾಧ್ಯವಾದರೆ ಮೊಬೈಲಿನಲ್ಲಿ ಒಂದು ನಿಮಿಷ ಚಿತ್ರಿಸಿಕೊಂಡರೆ, ಅದು ಎಷ್ಟೋ ಸಲ ದುಬಾರಿ ಪರೀಕ್ಷೆಗಳಿಗಿಂತ ಬೇಗ ದಾರಿ ತೋರುತ್ತದೆ. ಮೊದಲು ಕಾಣಬೇಕಾದವರು ಊರಿನ ಅಥವಾ ತಾಲ್ಲೂಕು ಆಸ್ಪತ್ರೆಯ ಸಾಮಾನ್ಯ ವೈದ್ಯರೇ. ಅಗತ್ಯವೆನಿಸಿದರೆ ಅವರು ನರರೋಗ ತಜ್ಞರತ್ತ ಕಳಿಸುತ್ತಾರೆ, ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ನಡೆಯುವ ಪಾಲಿಸಾಮ್ನೋಗ್ರಫಿ ಎಂಬ ನಿದ್ರಾಪರೀಕ್ಷೆಗೆ ಹೋಗಬೇಕಾದೀತು. ಅದರಲ್ಲಿ ಚುಚ್ಚುವುದು ಕೊಯ್ಯುವುದು ಏನೂ ಇಲ್ಲ. ತಲೆಗೆ, ಗದ್ದಕ್ಕೆ, ಕಾಲಿಗೆ ತಂತಿಗಳನ್ನು ಅಂಟಿಸಿಕೊಂಡು ಕ್ಯಾಮೆರಾದ ಎದುರು ಒಂದು ರಾತ್ರಿ ಮಲಗುವುದಷ್ಟೇ. ಗದ್ದದ ಸ್ನಾಯು ರೆಮ್ ಹಂತದಲ್ಲಿ ಸಡಿಲವಾಗಿದೆಯೋ ಬಿಗಿದಿದೆಯೋ ಎಂಬ ಪ್ರಶ್ನೆಗೆ ಬೆಳಗಾಗುವಷ್ಟರಲ್ಲಿ ಉತ್ತರ ದಾಖಲಾಗಿರುತ್ತದೆ.