ಕಬ್ಬಿಣವು ಪೆಟ್ಟನ್ನು ಮರೆಯದು
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಬೀದಿಯಲ್ಲಿ ಕಂಬದ ಮೇಲಿರುವ ಟ್ರಾನ್ಸ್‌ಫಾರ್ಮರು ಗುಂಯ್‌ಗುಡುವುದನ್ನು ನಾವೆಲ್ಲರೂ ಕೇಳಿದ್ದೇವೆ. ಅದರೊಳಗೆ ತಿರುಗುವ ಚಕ್ರವಿಲ್ಲ. ಆದರೂ ಆ ದನಿ ಎಲ್ಲಿಂದ ಬರುವುದು?

ಕಾಂತತ್ವ ಪಡೆದ ಕಬ್ಬಿಣದ ಉದ್ದವು ಅತ್ಯಲ್ಪವಾಗಿ ಬದಲಾಗುವುದೆಂದು ಇಂಗ್ಲೆಂಡಿನ ಜೂಲ್ ಮಹಾಶಯನು 1842ರಲ್ಲಿ ತಿಳಿಸಿದನು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವೃತ್ತಿಗಳದು. ಒಂದೊಂದು ಆವೃತ್ತಿಯಲ್ಲಿ ಎರಡು ಬಾರಿ ಒಳಗಿನ ಉಕ್ಕಿನ ತಗಡುಗಳು ಹಿಗ್ಗಿ ಕುಗ್ಗುವುದರಿಂದ, ಸೆಕೆಂಡಿಗೆ 100 ಕಂಪನಗಳ ದನಿ ಹುಟ್ಟುತ್ತದೆ.

ಇದರ ವಿಲೋಮವೂ ಸತ್ಯವೇ. ಕಬ್ಬಿಣವನ್ನು ಎಳೆದರೆ ಅಥವಾ ಒತ್ತಿದರೆ ಅದರ ಕಾಂತಗುಣವು ಬದಲಾಗುವುದೆಂಬುದನ್ನು ಇಟಲಿಯ ವಿಲ್ಲಾರಿಯು 1865ರಲ್ಲಿ ಪ್ರಕಟಿಸಿದನು. ಕಮ್ಮಾರನು ಕಾದ ಕಬ್ಬಿಣವನ್ನು ಉತ್ತರ ದಕ್ಷಿಣವಾಗಿಟ್ಟು ಬಡಿದರೆ ಅದು ಅಯಸ್ಕಾಂತವಾಗುವುದೆಂದು ಗಿಲ್ಬರ್ಟನು 1600ರಷ್ಟು ಹಿಂದೆಯೇ ಬರೆದಿದ್ದನು. ಸುತ್ತಿಗೆಗೂ ಕಾಂತತ್ವಕ್ಕೂ ನಂಟು ಹಳೆಯದು.

ಟ್ರಾನ್ಸ್‌ಫಾರ್ಮರಿನ ತಿರುಳನ್ನು ಸುಮಾರು ಶೇಕಡಾ 3ರಷ್ಟು ಸಿಲಿಕಾನ್ ಬೆರೆತ ಉಕ್ಕಿನ ತೆಳು ತಗಡುಗಳಿಂದ ಕಟ್ಟುತ್ತಾರೆ. ಉಕ್ಕಿನೊಳಗೆ ಕಣ್ಣಿಗೆ ಕಾಣದ ಕಾಂತವಲಯಗಳಿವೆ. ಪ್ರವಾಹ ಬದಲಾದಂತೆ ಅವುಗಳ ಎಲ್ಲೆಗಳು ಸರಾಗವಾಗಿ ಸರಿಯಬೇಕು. ತಗಡನ್ನು ಕತ್ತರಿಸಿದೆಡೆ, ಬಗ್ಗಿಸಿದೆಡೆ, ಬಡಿದೆಡೆ ಒಳಗೆ ಬಿಗಿತ ಉಳಿದು ಅವು ತಡೆಯಲ್ಪಡುತ್ತವೆ. ಹೆಚ್ಚಿನ ಶಕ್ತಿಯು ಕಾವಾಗಿ ವ್ಯರ್ಥವಾಗುತ್ತದೆ. ಮನೆಯ ದೀಪಗಳೆಲ್ಲ ಆರಿದ ಮೇಲೂ ತಿರುಳು ಹಗಲಿರುಳು ಕೆಲಸದಲ್ಲಿರುವುದರಿಂದ ಈ ನಷ್ಟಕ್ಕೆ ಬಿಡುವೇ ಇಲ್ಲ.

ಒತ್ತಡವೆಲ್ಲವೂ ಕೇಡೆಂದು ಮಾತ್ರ ತಿಳಿಯಬಾರದು. ಕಣಗಳನ್ನು ಒಂದೇ ದಿಕ್ಕಿಗೆ ಸಾಲುಗೊಳಿಸಿದ ಉಕ್ಕಿನ ಮೇಲಿನ ತೆಳುಲೇಪವು ತಗಡನ್ನು ಸ್ವಲ್ಪ ಎಳೆದು ಹಿಡಿದು ನಷ್ಟವನ್ನು ತಗ್ಗಿಸುತ್ತದೆ. ಕೇಡು ಮಾಡುವುದು ಅಡ್ಡಾದಿಡ್ಡಿಯಾಗಿ ಬಿದ್ದ ಪೆಟ್ಟು.

ಪರಿಹಾರವೂ ಉಂಟು. ಕತ್ತರಿಸಿದ ತಗಡನ್ನು ಗಾಳಿ ಸೋಕದ ಕುಲುಮೆಯಲ್ಲಿ ಸುಮಾರು 800 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, ನಿಧಾನವಾಗಿ ಆರಿಸಿದರೆ ಬಿಗಿತ ಬಹುಮಟ್ಟಿಗೆ ಸಡಿಲುತ್ತದೆ. ಆದರೆ ಹೊಸ ತಂತಿ ಸುತ್ತಿದ ರಿಪೇರಿಗಾರನು ತಗಡುಗಳನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ, ಕುಲುಮೆಯ ಫಲವು ಆ ಕ್ಷಣವೇ ಹಾಳಾಗತೊಡಗುವುದು. ತಂತಿ ಹೊಸದು, ಆದರೂ ಯಂತ್ರ ಬಿಸಿಯೇರುವುದು. ಕಾರಣ ಯಾರ ಕಣ್ಣಿಗೂ ಬೀಳದು, ಬೆಲೆಯನ್ನು ತೆರುವವರು ಮಾತ್ರ ನಾವು.

ಈ ಶಾಲೆಯಿಂದ ನಾಳೆ ಕಾರ್ಖಾನೆಗಳಿಗೆ ಹೋಗಲಿರುವ ಬಾಲಕ ಬಾಲಕಿಯರಲ್ಲಿ ನಮ್ಮ ಅರಿಕೆ ಇಷ್ಟೆ: ತಗಡು ಕೈಗೆ ಬಂದಾಗ ಅದನ್ನು ಬಾಗಿಸದೆ, ಕೆಡಹದೆ, ಬಡಿಯದೆ ಜೋಡಿಸಿರಿ. ನಿಮ್ಮ ಕೈಯ ಮೃದುತ್ವವನ್ನು ಆ ಉಕ್ಕು ವರ್ಷಗಟ್ಟಲೆ ನೆನಪಿನಲ್ಲಿಡುವುದು.